ಗೆಡ್ಡೆಯ ಬಯಲಿಗೆ ಹೆಣದ ಮಣ್ಣು

ಹ್ಯಾಸ್ಕೆಲ್‌ನ ಹೆಣವನ್ನು ತೊಟ್ಟಿಗೆ ಇಳಿಸಿದವಳು ನಾನೇ.

ಕೆಳಗೆ ಮರದ ಚಕ್ಕೆ ಹಾಸಿದ್ದೆ. ಅದರ ಮೇಲೆ ಒಣಹುಲ್ಲು, ಕುದುರೆ ಮಸಾಲೆ ಮೇವು. ತಲೆಯ ಕಡೆ ನನ್ನ ಜೊತೆ ಕೆಲಸದ ಫೆಟು ಹಿಡಿದ, ಕಾಲಿನ ಕಡೆ ನಾನು. ತೊಂಬತ್ತೊಂದು ವರ್ಷದ ಮುದುಕ, ಆದರೂ ಹೆಣ ಭಾರವಿತ್ತು. ಬದುಕಿನುದ್ದಕ್ಕೂ ಹೊಟ್ಟೆ ತುಂಬ ತಿಂದವನು. ಮೇಲೆ ಹುಲ್ಲು ಮುಚ್ಚುವ ಮುಂಚೆ ಅವನ ಮುಖ ನೋಡಿದೆ. ಮೂವತ್ತೊಂದು ವರ್ಷ ನಮ್ಮ ಅರ್ಲೀನ್ ದೊಡ್ಡಮ್ಮನನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಮಾತಾಡಿದ ಮುಖ. ನನಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳು. ಖುಷಿಯಾಯಿತು. ಇನ್ನು ಯಾರ ಬಾಗಿಲನ್ನೂ ತಟ್ಟಬೇಕಾಗಿಲ್ಲ ಅಂದುಕೊಂಡೆ. ನಾನು ಎಂಥ ದಡ್ಡಿ ಎನ್ನುವುದು ಎರಡು ತಿಂಗಳಾದ ಮೇಲೆ ಗೊತ್ತಾಯಿತು.

ನಮ್ಮ ಕಂಪನಿ ಸತ್ತವರನ್ನು ಹೂಳುವುದಿಲ್ಲ, ಸುಡುವುದಿಲ್ಲ. ಗೊಬ್ಬರ ಮಾಡುತ್ತದೆ. ಆ ಮಾತನ್ನು ಮಾತ್ರ ಬಾಯಿಬಿಟ್ಟು ಆಡುವಂತಿಲ್ಲ. ‘ಮಣ್ಣಿಗೆ ಮರಳುವುದು’ ಅನ್ನಬೇಕು. ಹೆಣ ಅನ್ನಬಾರದು, ‘ನಮ್ಮ ಅತಿಥಿ’ ಅನ್ನಬೇಕು. ಟಕೋಮಾ ಬಂದರಿನ ಹಿಂದೆ ಒಂದು ಹಳೇ ಟೈರು ಗೋದಾಮು. ಮುಂದಿನ ಅರ್ಧಕ್ಕೆ ಮರದ ಹಲಗೆ, ಗಾಜು, ಕುಂಡದಲ್ಲಿ ಜರೀಗಿಡ. ಅಲ್ಲಿ ಮನೆಯವರು ಬಂದು ಅಳುತ್ತಾರೆ. ಹಿಂದಿನ ಅರ್ಧ ನಮ್ಮದು. ಅಲ್ಲಿ ಸಾಲುಸಾಲು ಉಕ್ಕಿನ ತೊಟ್ಟಿ, ಗಾಳಿ ಊದುವ ಕೊಳವೆ, ಸಲಿಕೆ, ಜರಡಿ.

ಐದು ವಾರಕ್ಕೆ ತೊಟ್ಟಿ ತೆಗೆಯುತ್ತೇವೆ. ಬಿಸಿ ಹಬೆ ಮುಖಕ್ಕೆ ಹೊಡೆಯುತ್ತದೆ. ಮಾಂಸ ಇರುವುದಿಲ್ಲ, ಮೂಳೆ ಇರುತ್ತದೆ. ಮೂಳೆಯನ್ನು ಕೈಯಲ್ಲೇ ಆರಿಸಿ ಯಂತ್ರಕ್ಕೆ ಹಾಕಿ ಪುಡಿ ಮಾಡಬೇಕು. ಸೊಂಟಕ್ಕೆ ಹಾಕಿಸಿಕೊಂಡ ಲೋಹದ ಕೀಲು, ಮಂಡಿಯ ಮೊಳೆ, ಚಿನ್ನದ ಹಲ್ಲು, ಎಲ್ಲ ಆರಿಸಬೇಕು. ಆಮೇಲೆ ಮತ್ತೆ ಕೆಲವು ವಾರ ಆರಲು ಬಿಡಬೇಕು. ಒಂದು ಹೆಣ ಎಂದರೆ ಒಂದು ಪಿಕಪ್ ಗಾಡಿಯಷ್ಟು ಮಣ್ಣು. ಮನೆಯವರು ಒಂದು ಡಬ್ಬಿ ತೆಗೆದುಕೊಂಡು ಹೋಗಿ ಗುಲಾಬಿ ಬುಡಕ್ಕೆ ಹಾಕುತ್ತಾರೆ. ಮಿಕ್ಕಿದ್ದು ಕಂಪನಿಗೆ ದಾನ. ಆರು ವರ್ಷದಿಂದ ಈ ಕೆಲಸ ಮಾಡಿ ನನ್ನ ಬೆನ್ನು ಹೋಗಿದೆ. ಕೆಲಸ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಯಾರಿಗೆ ಹೇಗೆ ಮಣ್ಣಾಗಬೇಕೋ ಹಾಗೆ ಆಗಲಿ. ಅದು ಅವರಿಷ್ಟ.

ಆದರೆ ಈ ಕೆಲಸಕ್ಕೆ ಸೇರಿದ ದಿನದಿಂದ ನಾನು ನಮ್ಮ ಜನ ಉಣ್ಣುವ ಗೆಡ್ಡೆ ಅಗೆದಿಲ್ಲ. ನಮ್ಮಲ್ಲಿ ಹೆಣ ಮುಟ್ಟಿದ ಕೈ ಆ ವರ್ಷ ಗೆಡ್ಡೆ ಮುಟ್ಟುವ ಹಾಗಿಲ್ಲ. ನಾನು ದಿನಕ್ಕೆರಡು ಮುಟ್ಟುತ್ತೇನೆ. ಏಪ್ರಿಲ್ ಬಂದರೆ ದೊಡ್ಡಮ್ಮನನ್ನು ಬಯಲಿನ ಅಂಚಿಗೆ ಗಾಡಿಯಲ್ಲಿ ಬಿಟ್ಟು, ನಾನು ಗಾಡಿಯಲ್ಲೇ ಕೂತಿರುತ್ತೇನೆ. ನಾನು ಸಂಬಳಕ್ಕೆ ಕೊಟ್ಟದ್ದು ಬರೀ ಬೆನ್ನನ್ನಲ್ಲ.

ಆ ಬಯಲು ನಮ್ಮದು ಅನ್ನುವುದಕ್ಕೆ ನಮ್ಮ ಹತ್ತಿರ ಕಾಗದವಿಲ್ಲ. ನಾವು ಹೊಳೆಯವರು, ಈ ನೆಲದ ಮೂಲನಿವಾಸಿಗಳು. ಒಟ್ಟು ಇನ್ನೂರ ಮೂವತ್ತು ಜನ. ದೊಡ್ಡ ಸರ್ಕಾರ ಒಪ್ಪಿದ ಬುಡಕಟ್ಟುಗಳ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ. ಪಟ್ಟಿಯಲ್ಲಿಲ್ಲದವರಿಗೆ ನೆಲವಿಲ್ಲ, ಆಸ್ಪತ್ರೆಯಿಲ್ಲ, ಮೀನು ಹಿಡಿಯುವ ಹಕ್ಕೂ ಇಲ್ಲ. ಮೂರು ಸಲ ಅರ್ಜಿ ಹಾಕಿದೆವು. ‘ನೀವು ಬಿಡದೆ ಒಂದೇ ಕಡೆ ಒಟ್ಟಿಗೆ ಇದ್ದಿರಿ ಎನ್ನುವುದಕ್ಕೆ ಪುರಾವೆ ಸಾಲದು’ ಎಂದು ಬರೆದು ವಾಪಸು ಕಳಿಸಿದರು. ಮನೆಗೆ ಬೆಂಕಿ ಹಾಕಿ ಓಡಿಸಿದವರ ಮೊಮ್ಮಕ್ಕಳು ಕೇಳುವ ಪ್ರಶ್ನೆ ಅದು.

ಏಪ್ರಿಲ್ ಕೊನೆಗೆ ಬಯಲಿಡೀ ನೀಲಿ ಹೂ. ಕ್ಯಾಮಸ್ ಅನ್ನುತ್ತಾರೆ. ನೆಲದೊಳಗೆ ಸಣ್ಣ ಈರುಳ್ಳಿಯಷ್ಟು ಗೆಡ್ಡೆ. ಗುಂಡಿ ತೋಡಿ, ಕಲ್ಲು ಕಾಯಿಸಿ, ಎರಡು ದಿನ ಬೇಯಿಸಿದರೆ ಕಪ್ಪಗೆ, ಸಿಹಿಯಾಗಿ ಬರುತ್ತದೆ. ದೊಡ್ಡದನ್ನು ತೆಗೆದು ಮರಿಗೆಡ್ಡೆಯನ್ನು ಅಲ್ಲೇ ವಾಪಸು ಹೂಳಬೇಕು. ಅದು ಜಲ್ಲಿ ನೆಲ, ಸಾರವಿಲ್ಲದ್ದು. ಕ್ಯಾಮಸ್‌ಗೆ ಅದೇ ಬೇಕು. ಗೊಬ್ಬರ ಬಿದ್ದರೆ ಹುಲ್ಲು ಮುಳ್ಳುಕಂಟಿ ಎದ್ದು ಗೆಡ್ಡೆಯನ್ನು ನುಂಗಿಬಿಡುತ್ತವೆ. ಅದಕ್ಕೇ ನಮ್ಮ ಅಜ್ಜಿಯರು ಎರಡು ವರ್ಷಕ್ಕೊಮ್ಮೆ ಬಯಲಿಗೆ ಬೆಂಕಿ ಕೊಡುತ್ತಿದ್ದರು.

ಹ್ಯಾಸ್ಕೆಲ್‌ನ ತಾತ ಅದಕ್ಕೆ ಬೇಲಿ ಹಾಕಿದ. ಆಮೇಲೆ ಹ್ಯಾಸ್ಕೆಲ್. ದೊಡ್ಡಮ್ಮ ಪ್ರತಿ ವರ್ಷ ಹೋಗಿ ಅವನ ಬಾಗಿಲು ತಟ್ಟಬೇಕು. ಅವನು ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ. ‘ಏನು ಡೋರಿಸ್, ಮತ್ತೆ ಹಸಿವಾಯ್ತಾ?’ ಅನ್ನುತ್ತಿದ್ದ. ಅವಳ ಹೆಸರು ಡೋರಿಸ್ ಅಲ್ಲ. ಮೊದಲ ವರ್ಷ ತಿದ್ದಿದಳು, ಎರಡನೇ ವರ್ಷ ತಿದ್ದಿದಳು, ಆಮೇಲೆ ಬಿಟ್ಟಳು. ನಾಲ್ಕು ಬುಟ್ಟಿ ಅಗೆದರೆ ಒಂದು ಬುಟ್ಟಿ ಅವನಿಗೆ. ಅದನ್ನು ಅವನು ತಿನ್ನುತ್ತಿರಲಿಲ್ಲ. ನಮ್ಮ ಕಣ್ಣೆದುರಿಗೇ ಹಂದಿಗಳಿಗೆ ಸುರಿಯುತ್ತಿದ್ದ. ಚಿಕ್ಕವಳಿದ್ದಾಗ ನಾನು ಒಂದು ಸಲ ಅತ್ತೆ. ದೊಡ್ಡಮ್ಮ ನನ್ನ ಕೆನ್ನೆಗೆ ಹೊಡೆದಳು. ಅವನ ಮುಂದೆ ಅಳಬಾರದು ಅಂತ.

ಇಂಥವನನ್ನು ನಾನು ಹುಲ್ಲಿನ ಮೇಲೆ ಮಲಗಿಸಿದೆ. ಐದು ವಾರವಾದ ಮೇಲೆ ಅವನ ಸೊಂಟದ ಕೀಲನ್ನು ನನ್ನ ಕೈಯಿಂದಲೇ ಆರಿಸಿ ಡಬ್ಬಿಗೆ ಹಾಕಿದೆ.

ಮೇ ತಿಂಗಳ ಒಂದು ಸೋಮವಾರ ನಮ್ಮ ಯಜಮಾನಿ ಕ್ಯಾರಿನ್ ಎಲ್ಲರನ್ನೂ ಮುಂದಿನ ಕೋಣೆಗೆ ಕರೆದಳು. ಒಳ್ಳೆಯ ಹೆಂಗಸು. ಕೂಗಾಡುವುದಿಲ್ಲ, ಹುಟ್ಟುಹಬ್ಬಕ್ಕೆ ಕೇಕು ತರುತ್ತಾಳೆ. ಗೋಡೆಯ ಮೇಲೆ ದೊಡ್ಡ ಚಿತ್ರ ತೋರಿಸಿದಳು. ನಮ್ಮ ಬಯಲು.

"ಹ್ಯಾಸ್ಕೆಲ್ ಅವರು ಸಾಯೋ ಮುಂಚೆ ಈ ನಾನೂರು ಎಕರೆಯನ್ನ ಭೂಮಿ ಉಳಿಸೋ ಟ್ರಸ್ಟಿಗೆ ಬರೆದುಕೊಟ್ಟಿದ್ದಾರೆ. ಷರತ್ತು ಒಂದೇ. ಅವರ ಮಣ್ಣನ್ನ ಇಲ್ಲೇ ಹರಡಬೇಕು. ಇನ್ಮೇಲೆ ನಮ್ಮಲ್ಲಿ ದಾನ ಬರೋ ಮಣ್ಣೆಲ್ಲ ಇಲ್ಲಿಗೇ ಹೋಗುತ್ತೆ. ನೋಡಿ, ಎಷ್ಟು ಬಡವಾದ ನೆಲ, ಒಂದು ಮರ ಇಲ್ಲ. ನಾವು ಇದನ್ನ ಗುಣಪಡಿಸ್ತೀವಿ" ಅಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಏಳಲಿಲ್ಲ. ಫೆಟು ನನ್ನ ಮುಖ ನೋಡಿ ಚಪ್ಪಾಳೆಯನ್ನು ಅರ್ಧಕ್ಕೇ ನಿಲ್ಲಿಸಿದ.

ನಾನು ಅವಳ ಹಿಂದೆಯೇ ಅವಳ ಕೋಣೆಗೆ ಹೋದೆ.

"ಆ ಬಯಲಿಗೆ ಬೇಡ ಕ್ಯಾರಿನ್. ಕೆಳಗೆ ಅವನದೇ ಕಾಡಿದೆಯಲ್ಲ, ಮರ ಕಡಿದು ಬೋಳು ಮಾಡಿರೋದು. ಅಲ್ಲಿಗೆ ಹಾಕಿ."

"ಯಾಕೆ ಡಾರ್ಲಾ?"

"ಅದು ನಾವು ಉಣ್ಣೋ ನೆಲ. ನಮ್ಮ ದೊಡ್ಡಮ್ಮ ಈಗಲೂ ಅಲ್ಲಿ ಗೆಡ್ಡೆ ಅಗೀತಾಳೆ. ಹೆಣ ಇಟ್ಟ ನೆಲದಿಂದ ನಾವು ಊಟ ಎತ್ತೋದಿಲ್ಲ. ನೀವು ಒಂದು ಗಾಡಿ ಸುರಿದ್ರೆ ನಮಗೆ ಅದು ಮುಗಿದ ಹಾಗೆ."

ಅವಳ ಕಣ್ಣಲ್ಲಿ ನೀರು ಬಂತು. ನಿಜವಾಗಿಯೂ ಬಂತು. "ಎಷ್ಟು ಆಳವಾದ ಸಂಬಂಧ ನಿಮ್ಮದು! ಆದ್ರೆ ಯೋಚಿಸಿ, ಕೊನೆಗೆ ಎಲ್ಲರೂ ಯಾರಿಗೋ ಊಟಾನೇ ಆಗೋದು ಅಲ್ವಾ?"

"ಹ್ಯಾಸ್ಕೆಲ್‌ನ ಉಣ್ಣೋಕೆ ನಮಗೆ ಇಷ್ಟ ಇಲ್ಲ."

ಅವಳು ಕಪಾಟಿನಿಂದ ಕಡತ ತೆಗೆದಳು. "ನಾವು ಕೇಳದೆ ಮಾಡ್ತಿಲ್ಲ ಡಾರ್ಲಾ. ಮೂಲನಿವಾಸಿಗಳನ್ನ ಕೇಳಿದ್ದೀವಿ."

"ಯಾರನ್ನ?"

ಅವಳು ತೋರಿಸಿದಳು. ಪಕ್ಕದ ಕಣಿವೆಯವರ ಕಚೇರಿಯಿಂದ ಬಂದ ಪತ್ರ. ಅವರು ಪಟ್ಟಿಯಲ್ಲಿರುವವರು. ಅವರು ನೆಟ್ಟಗೆ ಬರೆದಿದ್ದರು. ಆ ಬಯಲು ನಮ್ಮದಲ್ಲ, ಹೊಳೆಯವರದು, ಅವರನ್ನು ಕೇಳಿ ಎಂದು. ಅದರ ಕೆಳಗೆ ಟ್ರಸ್ಟಿನ ಯಾರೋ ಪೆನ್ನಿನಲ್ಲಿ ಗೀಚಿದ್ದರು: ಆಕ್ಷೇಪಣೆ ಇಲ್ಲ.

"ಅವರನ್ನು ಕೇಳಿ ಅಂತ ಬರೆದಿದ್ದಾರಲ್ಲ ಇಲ್ಲಿ?"

"ನಿಮ್ಮ ಜನ ಪಟ್ಟಿಯಲ್ಲಿಲ್ಲ ಡಾರ್ಲಾ. ಅದು ನನ್ನ ತಪ್ಪಲ್ಲ. ಯಾರಿಗೆ ಪತ್ರ ಬರೀಬೇಕು ಅಂತಾನೇ ಟ್ರಸ್ಟಿನವರಿಗೆ ಗೊತ್ತಾಗಿಲ್ಲ" ಅಂದಳು. ಆಮೇಲೆ ನನ್ನ ತೋಳು ಹಿಡಿದುಕೊಂಡಳು. "ಒಂದು ಕೆಲಸ ಮಾಡಿ. ನಿಮ್ಮ ದೊಡ್ಡಮ್ಮನ್ನ ಅವತ್ತು ಕರ್ಕೊಂಡು ಬನ್ನಿ. ಟ್ರಸ್ಟಿನವರೆಲ್ಲ ಇರ್ತಾರೆ. ಐದು ನಿಮಿಷ ಅವರಿಗೇ ಕೊಡ್ತೀನಿ. ಮನಸ್ಸಲ್ಲಿರೋದನ್ನ ಹೇಳಲಿ."

"ಹೇಳಿದ್ರೆ ನಿಲ್ಲಿಸ್ತೀರಾ?"

"ಮನಸ್ಸು ಬಿಚ್ಚಿ ಕೇಳ್ತೀವಿ" ಅಂದಳು.

ಅದನ್ನು ನಾನು ಹೌದು ಅಂತ ತಿಳಿದುಕೊಂಡೆ. ಆರು ವರ್ಷ ಅವಳ ಮಾತು ಕೇಳಿಕೊಂಡು ಬಂದವಳು, ನನಗೆ ಅಷ್ಟೂ ಗೊತ್ತಾಗಬಾರದಿತ್ತೇ?

ಊಟದ ಹೊತ್ತಿನಲ್ಲಿ ಫೆಟು ತನ್ನ ಡಬ್ಬಿಯಿಂದ ಅರ್ಧ ಅನ್ನ, ಡಬ್ಬಿಮಾಂಸದ ಎರಡು ತುಂಡು ನನ್ನ ತಟ್ಟೆಗೆ ಹಾಕಿದ. ಅವನು ಸಮೋವಾ ದ್ವೀಪದವನು. ನಾಲ್ಕು ಮಕ್ಕಳ ತಂದೆ.

"ನಮ್ಮೂರಲ್ಲಿ ಅಪ್ಪನ್ನ ಮನೆ ಮುಂದೇನೇ ಹೂಳ್ತೀವಿ ಅಕ್ಕ. ಗೋರಿ ಮೇಲೆ ಕೂತ್ಕೊಂಡೇ ಕಾಫಿ ಕುಡೀತೀವಿ. ಮಕ್ಕಳು ಅದರ ಮೇಲೇ ಆಡ್ತಾವೆ, ಬಟ್ಟೆ ಒಣಗಾಕ್ತೀವಿ" ಅಂದ.

"ಹಾಗಾದ್ರೆ ನಿನಗೆ ನಮ್ಮ ಗೋಳು ಅರ್ಥ ಆಗಲ್ಲ ಬಿಡು."

"ಯಾಕೆ ಆಗಲ್ಲ? ಅದು ನಮ್ಮಪ್ಪ, ನಮ್ಮ ಅಂಗಳ. ಪಕ್ಕದ ಮನೆಯವಳ ಅಡುಗೆಮನೆಗೆ ನುಗ್ಗಿ ಹೂಳಲ್ಲವಲ್ಲ?"

ದೊಡ್ಡಮ್ಮ ಇರುವುದು ಹೆದ್ದಾರಿ ಪಕ್ಕದ ತಗಡಿನ ಟ್ರೇಲರ್ ಮನೆಯಲ್ಲಿ. ನಾನು ಹೋದಾಗ ಎಣ್ಣೆಯಲ್ಲಿ ರೊಟ್ಟಿ ಕರಿಯುತ್ತಿದ್ದಳು. ಎಪ್ಪತ್ತೆಂಟು ವರ್ಷ. ಮಂಡಿ ಎರಡೂ ಊದಿಕೊಂಡಿವೆ. ಎಲ್ಲ ಹೇಳಿದೆ.

"ನೀನೇ ಅವನ್ನ ಬೇಯಿಸಿದ್ದಾ?" ಅಂದಳು.

"ಬೇಯಿಸೋದಲ್ಲ ದೊಡ್ಡಮ್ಮ. ತಾನಾಗೇ ಬಿಸಿ ಆಗ್ತದೆ."

"ಏನೋ ಒಂದು. ನನಗೆ ಹೇಳಬಾರದಿತ್ತಾ? ಒಂದು ಸಲ ಬಂದು ನೋಡಿ ಹೋಗ್ತಿದ್ದೆ." ರೊಟ್ಟಿ ತಿರುವಿ ಹಾಕಿದಳು. "ನಾನು ಅಲ್ಲಿಗೆ ಬರಲ್ಲ. ಆ ಮೆಟ್ಟಿಲ ಹತ್ತಿರ ನಿಂತು ಬೇಡಿದ್ದು ಸಾಕು."

"ಬೇಡೋದಲ್ಲ. ಬೇಡ ಅಂತ ಹೇಳೋದು. ಐದು ನಿಮಿಷ ಕೊಡ್ತಾರಂತೆ."

"ಐದು ನಿಮಿಷ? ನನ್ನ ಕೆಮ್ಮೇ ಐದು ನಿಮಿಷ ಬರ್ತದಲ್ಲೇ."

ನಗಿಸಿದಳು. ಆದರೆ ನಾನು ಬಿಡಲಿಲ್ಲ. ನೀನು ಹೇಳಿದರೆ ಕೇಳುತ್ತಾರೆ, ಹ್ಯಾಸ್ಕೆಲ್‌ನಂಥವರಲ್ಲ ಇವರು, ಓದಿದವರು, ಮಣ್ಣು ಮರ ಅಂದರೆ ಜೀವ ಬಿಡುವವರು ಅಂತೆಲ್ಲ ಹೇಳಿದೆ. ಕೊನೆಗೆ ಅವಳು ಕೈ ಒರೆಸಿಕೊಂಡು ‘ಆಯ್ತು ಕಣೆ, ನಿನಗೋಸ್ಕರ’ ಅಂದಳು.

ಮೇ ಕೊನೆಯ ಶನಿವಾರ. ಟಿಪ್ಪರ್ ಓಡಿಸಿದವಳು ನಾನೇ, ಹಿಂದೆ ದಿಮ್ಮಿ ಲಾರಿ ಓಡಿಸಿದ ಅಭ್ಯಾಸವಿತ್ತು. ಹಿಂದೆ ಹತ್ತು ಜನರ ಮಣ್ಣು. ಎಲ್ಲಕ್ಕೂ ಮೇಲೆ ಹ್ಯಾಸ್ಕೆಲ್. ಅವನ ಮಗಳು ಹಾಗೆ ಕೇಳಿದ್ದಳು. ಮುಂದಿನ ಸೀಟಿನಲ್ಲಿ ಫೆಟು, ನಾನು, ನಡುವೆ ದೊಡ್ಡಮ್ಮ. ಅವಳ ಕಾಲ ಬಳಿ ದೇವದಾರು ತೊಗಟೆಯ ಬುಟ್ಟಿ, ಅಗೆಯುವ ಕಬ್ಬಿಣದ ಸರಳು. ಮಾತು ಮುಗಿದ ಮೇಲೆ ಒಂದು ಬುಟ್ಟಿ ಅಗೆದುಕೊಂಡು ಹೋಗೋಣ ಅಂದಿದ್ದಳು. ಅಷ್ಟು ನಂಬಿಕೆ ನನ್ನ ಮೇಲೆ.

ಹೂ ಇನ್ನೂ ಇತ್ತು. ಬಯಲಿನ ಒಂದು ತುದಿಯಲ್ಲಿ ಬಿಳಿ ಚಪ್ಪರ, ನಲವತ್ತು ಕುರ್ಚಿ. ಎಲ್ಲರೂ ಹೊಸ ರಬ್ಬರು ಬೂಟು ಹಾಕಿದ್ದರು. ಒಬ್ಬ ಕಂಚಿನ ಬಟ್ಟಲಿನ ಅಂಚಿಗೆ ಕೋಲು ಉಜ್ಜಿ ಸದ್ದು ಹೊರಡಿಸುತ್ತಿದ್ದ. ದೊಡ್ಡಮ್ಮನಿಗೆ ಕುರ್ಚಿ ಇರಲಿಲ್ಲ. ಒಬ್ಬ ಹುಡುಗಿ ಓಡಿಹೋಗಿ ತಿಂಡಿ ಮೇಜಿನ ಪಕ್ಕದಿಂದ ಒಂದು ಸ್ಟೂಲು ತಂದಳು.

ಕ್ಯಾರಿನ್ ಮಾತಾಡಿದಳು. ಟ್ರಸ್ಟಿನವನು ಮಾತಾಡಿದ. ಹ್ಯಾಸ್ಕೆಲ್‌ನ ಮಗಳು ಮೆರೆಡಿತ್ ತನ್ನ ಅಪ್ಪ ಈ ನೆಲವನ್ನು ಎಷ್ಟು ಪ್ರೀತಿಸಿದ, ಯಾರು ಬಂದು ಕೇಳಿದರೂ ಬರಿಗೈಯಲ್ಲಿ ಕಳಿಸಲಿಲ್ಲ ಅಂತ ಹೇಳಿ ಅತ್ತಳು. ಆಮೇಲೆ ದೊಡ್ಡಮ್ಮನನ್ನು ಕರೆದರು. ‘ಈ ನೆಲದ ಹಿರಿಯಜ್ಜಿ ನಮ್ಮನ್ನು ಹರಸುತ್ತಾರೆ’ ಅಂದಳು ಕ್ಯಾರಿನ್. ನಾನು ಕ್ಯಾರಿನ್ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿ ಮುಗುಳ್ನಕ್ಕಳು.

ದೊಡ್ಡಮ್ಮ ಸರಳು ಊರಿಕೊಂಡು ಎದ್ದಳು.

"ನಾನು ಹರಸೋಕೆ ಬಂದಿಲ್ಲ. ಬೇಡ ಅನ್ನೋಕೆ ಬಂದೆ. ಇದು ನಾವು ಉಣ್ಣೋ ನೆಲ. ನಮ್ಮಮ್ಮ ಇಲ್ಲಿ ಅಗೆದ್ಲು, ಅವರಮ್ಮ ಅಗೆದ್ಲು. ನೀವು ಇದನ್ನ ಬರಡು ಅಂತೀರಿ. ಬರಡಲ್ಲ, ಇದು ಇರೋದೇ ಹಿಂಗೆ. ನಿಮ್ಮ ಹೆಣ ನಿಮ್ಮ ಕಾಡಿಗೆ ಹಾಕ್ಕೊಳಿ, ನಿಮ್ಮ ತೋಟಕ್ಕೆ ಹಾಕ್ಕೊಳಿ, ನಾನು ಯಾಕೆ ಬೇಡ ಅನ್ನಲಿ? ಇಲ್ಲಿ ಸುರಿದ್ರೆ ನಾವು ಇನ್ನು ಇಲ್ಲಿ ಉಣ್ಣಂಗಿಲ್ಲ. ಬದುಕಿದ್ದಾಗ ಬೇಲಿ ಹಾಕಿದ್ರಿ, ಗೇಟಿನ ಹತ್ತಿರ ನಿಂತು ಬೇಡಿದ್ವಿ. ಸತ್ತು ಒಳಗೇ ಬಂದು ಮಲಗಿದ್ರೆ ನಾವು ಯಾರನ್ನ ಬೇಡಬೇಕು? ಅಷ್ಟೇ ನಾನು ಹೇಳೋದು. ಗಾಡಿ ವಾಪಸು ತಗೊಂಡೋಗಿ."

ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅವರದೇ ಭಾಷೆಯಲ್ಲಿ ಹೇಳಿದಳು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಕೇಳಿಸಿಕೊಂಡರು ಅಂದುಕೊಂಡೆ.

ಆಮೇಲೆ ಚಪ್ಪಾಳೆ ಶುರುವಾಯಿತು. ಎದ್ದು ನಿಂತು ತಟ್ಟಿದರು. ಮುಂದಿನ ಸಾಲಿನ ಹೆಂಗಸು ಕಣ್ಣೊರೆಸಿಕೊಂಡು ಪಕ್ಕದವಳಿಗೆ ‘ಎಂಥ ಮಾತು! ಮೈ ಜುಮ್ ಅಂತು’ ಅಂದಳು. ಬಟ್ಟಲಿನವನು ಮತ್ತೆ ಕೋಲು ಉಜ್ಜಿದ. ಕ್ಯಾರಿನ್ ದೊಡ್ಡಮ್ಮನ ಎರಡೂ ಕೈ ಹಿಡಿದು ‘ಇಷ್ಟು ನೋವಿನಲ್ಲೂ ನಮ್ಮ ಜೊತೆ ನಿಂತಿರಲ್ಲ’ ಅಂದಳು. ಕೊರಳಿಗೆ ಒಂದು ಉಣ್ಣೆಯ ಶಾಲು ಹಾಕಿದಳು. ದೊಡ್ಡಮ್ಮ ಆ ಶಾಲನ್ನೇ ನೋಡುತ್ತ ನಿಂತಳು.

ಕ್ಯಾರಿನ್ ನನ್ನ ಕಡೆ ತಿರುಗಿ ಕೈ ಮೇಲೆತ್ತಿ ಸನ್ನೆ ಮಾಡಿದಳು. ಟಿಪ್ಪರ್ ಎತ್ತು ಅಂತ.

ನಾನು ಗಾಡಿ ಹತ್ತಿ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು ಕೆಳಗಿಳಿದೆ. ಅವಳು ಹತ್ತಿರ ಬಂದಳು.

"ಏನಾಯ್ತು ಡಾರ್ಲಾ?"

"ಎತ್ತಲ್ಲ."

"ಕೆಟ್ಟಿದೆಯಾ?"

"ಕೆಟ್ಟಿಲ್ಲ. ನಾನು ಎತ್ತಲ್ಲ."

"ಇಲ್ಲಿ ಬೇಡ. ಒಂದು ಮನೆಯವರ ದುಃಖದ ಹೊತ್ತು ಇದು" ಅಂತ ಮೆಲ್ಲಗೆ ಅಂದಳು.

"ನಾವೂ ಒಂದು ಮನೆಯವರೇ."

"ಸೋಮವಾರದಿಂದ ನೀವು ಬರಬೇಕಾಗಿಲ್ಲ. ಕೀಲಿ ಕೊಡಿ."

"ಸೋಮವಾರ ಯಾಕೆ, ಈಗಲೇ ಬಿಟ್ಟೆ. ಕೀಲಿ ಕೊಡಲ್ಲ." ಆರು ವರ್ಷದಲ್ಲಿ ಮೊದಲ ಸಲ ಅವಳಿಗೆ ಇಲ್ಲ ಅಂದಿದ್ದೆ.

ಅವಳು ಫೆಟುವನ್ನು ಕರೆದಳು. ಅವನು ನಾಲ್ಕು ಮಕ್ಕಳ ತಂದೆ ಅಂತ ಅವಳಿಗೂ ಗೊತ್ತು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ನನಗೆ ಆ ಗುಂಡಿ ಒತ್ತೋಕೆ ಬರಲ್ಲ ಮೇಡಂ" ಅಂದ. ವಾರಕ್ಕೆ ಮೂರು ಸಲ ಒತ್ತುತ್ತಿದ್ದವನು.

ಆಗ ಮೆರೆಡಿತ್ ಬಂದಳು. ಯಾರನ್ನೂ ಕೇಳಲಿಲ್ಲ. ಗಾಡಿಯ ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಎರಡು ಕೈಯಲ್ಲೂ ಮಣ್ಣು ಬಾಚಿಕೊಂಡು ಎದೆಗೆ ಒತ್ತಿಕೊಂಡಳು. "ಅಪ್ಪಾ" ಅಂದಳು. ನಾನು ಅವಳನ್ನು ಕೆಳಗೆಳೆಯಬಹುದಿತ್ತು. ಎಳೆಯಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಗಳ ಮೈಮೇಲೆ ಕೈಹಾಕಲು ನನ್ನಿಂದ ಆಗಲಿಲ್ಲ. ಅದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳು ಮಣ್ಣು ಎರಚಿದಳು. ಹೂವಿನ ಮೇಲೆ ಬಿತ್ತು.

ಅದನ್ನು ನೋಡಿ ಎಲ್ಲರೂ ಎದ್ದರು. ಬಕೆಟ್ಟುಗಳು ಬಂದವು. ನಲವತ್ತು ಜನ ಸಾಲು ನಿಂತು, ಗಾಡಿಯಿಂದ ಕೈಯಿಂದ ಕೈಗೆ ಬಕೆಟ್ಟು ದಾಟಿಸಿ, ಚಪ್ಪರದ ಮುಂದಿನ ಹೂವಿನ ಪಟ್ಟೆಯ ಆ ಬದಿಯಿಂದ ಹರಡಲು ಶುರು ಮಾಡಿದರು. ಯಾರೋ ಹಾಡು ಹೇಳಿಕೊಟ್ಟರು.

ದೊಡ್ಡಮ್ಮ ಶಾಲು ತೆಗೆದು ಸ್ಟೂಲಿನ ಮೇಲಿಟ್ಟಳು. ಬುಟ್ಟಿ ಎತ್ತಿಕೊಂಡು ಆ ಪಟ್ಟೆಯ ಈ ಬದಿಗೆ ನಡೆದಳು. ಮಂಡಿಯೂರಿ ಸರಳು ಚುಚ್ಚಿದಳು. ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಮೀಟಿದಳು. ಮಣ್ಣು ಎದ್ದಿತು. ಗೆಡ್ಡೆ ಕಿತ್ತು ಬುಟ್ಟಿಗೆ ಹಾಕಿದಳು. ಇನ್ನೊಂದು. ಇನ್ನೊಂದು. ನಾನು ಓಡಿಹೋದೆ.

"ಏನು ಮಾಡ್ತಿದೀಯ ದೊಡ್ಡಮ್ಮ?"

"ಅವರು ಇಲ್ಲಿಗೆ ಬರೋದ್ರೊಳಗೆ ಎಷ್ಟಾಗ್ತದೋ ಅಷ್ಟು. ಇದಿನ್ನೂ ಶುದ್ಧವಾಗೇ ಇದೆ. ನಿಂತ್ಕೊಂಡು ನೋಡಬೇಡ, ಅಗೆ."

"ನನ್ನ ಕೈ, ದೊಡ್ಡಮ್ಮ..."

"ಇವತ್ತು ಕೈ ನೋಡಬೇಡ. ಬಾ."

ನನ್ನ ಹತ್ತಿರ ಸರಳಿರಲಿಲ್ಲ. ಗಾಡಿಯಲ್ಲಿದ್ದ ಮೊಂಡು ಸ್ಕ್ರೂಡ್ರೈವರ್ ತಂದೆ. ಫೆಟು ಚಕ್ರ ಬಿಚ್ಚುವ ಕಬ್ಬಿಣ ತಂದ. ಮೂವರೂ ನೆಲಕ್ಕೆ ಬಿದ್ದೆವು. ಆರು ವರ್ಷದ ಮೇಲೆ ಆ ಜಲ್ಲಿಯೊಳಗೆ ನನ್ನ ಬೆರಳು ಹೋಯಿತು. ಉಗುರು ಸೀಳಿತು. ಗೆಡ್ಡೆ ತಣ್ಣಗಿತ್ತು. ನಾನು ಅಳುತ್ತಿದ್ದೆ, ಅಗೆಯುತ್ತಲೂ ಇದ್ದೆ. ಅಭ್ಯಾಸಬಲದಿಂದ ಮರಿಗೆಡ್ಡೆಯನ್ನು ಬಿಡಿಸಿ ಗುಳಿಗೆ ವಾಪಸು ಹಾಕಿದೆ.

"ಅದನ್ನೂ ತಗೋ" ಅಂದಳು ದೊಡ್ಡಮ್ಮ.

"ಮರಿ ಅದು."

"ತಗೋ ಅಂದೆ. ಯಾರಿಗೆ ಬಿಟ್ಟು ಹೋಗ್ತೀಯ? ಎಲ್ಲಾದ್ರೂ ನೆಡೋಣ. ಟ್ರೇಲರ್ ಹಿಂದೆ ನೆಡೋಣ, ಡಾಂಬರು ಕಿತ್ತು ನೆಡೋಣ."

ಎಪ್ಪತ್ತೆಂಟು ವರ್ಷದಲ್ಲಿ ಅವಳು ಒಂದು ಮರಿಗೆಡ್ಡೆಯನ್ನೂ ಕಿತ್ತವಳಲ್ಲ. ಈಗ ಬಾಚಿ ಬಾಚಿ ಬುಟ್ಟಿಗೆ ಹಾಕುತ್ತಿದ್ದಳು. ಅವಳ ಉಸಿರು ಸೀಟಿ ಹೊಡೆಯುತ್ತಿತ್ತು. ಆ ಕಡೆಯಿಂದ ಬಕೆಟ್ಟಿನ ಸಾಲು, ಹಾಡಿನ ಜೊತೆ, ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು. ಒಂದಿಬ್ಬರು ನಮ್ಮ ಫೋಟೋ ತೆಗೆದರು.

ಬುಟ್ಟಿ ತುಂಬಿತ್ತು, ಫೆಟುವಿನ ಅಂಗಿಯೂ ಅರ್ಧ ತುಂಬಿತ್ತು. ಆಗ ಟ್ರಸ್ಟಿನ ಹಸಿರು ಟೋಪಿಯವನು ಓಡಿ ಬಂದ. ಮೂವತ್ತು ವರ್ಷವಿರಬಹುದು. ಒರಟನಲ್ಲ. ಮಂಡಿಯೂರಿ ದೊಡ್ಡಮ್ಮನ ಮುಖದ ಎತ್ತರಕ್ಕೆ ಕೂತ.

"ಅಮ್ಮಾ, ದಯವಿಟ್ಟು ನಿಲ್ಲಿಸಿ. ಇದು ಈಗ ಸಂರಕ್ಷಿತ ನೆಲ. ಇಲ್ಲಿ ಯಾವ ಗಿಡಾನೂ ಕೀಳೋ ಹಾಗಿಲ್ಲ."

"ನಾನು ಹುಟ್ಟಿದಾಗಿಂದ ಕೀಳ್ತಿದೀನಿ."

"ಪರವಾನಗಿ ಇದೆಯಾ?"

"ಅಲ್ಲಿ ಹೆಣ ಸುರೀತಿದಾರಲ್ಲ, ಅವರಿಗೆ ಇದೆಯಾ?"

"ಇದೆ" ಅಂದ. ನಾಚಿಕೆಯಿಂದಲೇ ಅಂದ, ಆದರೆ ಅಂದ. "ನೀವು ಕಿತ್ತಿರೋದು ಅಪರಾಧ ಆಗುತ್ತೆ ಅಮ್ಮಾ. ನಾನು ಪೊಲೀಸರನ್ನ ಕರೆಯಲ್ಲ. ಅದನ್ನ ಕೊಟ್ಟುಬಿಡಿ, ಸಾಕು."

ನಾನು ಬುಟ್ಟಿಗೆ ಅಡ್ಡ ನಿಂತೆ. ಫೆಟು ಎದ್ದು ನನ್ನ ಪಕ್ಕ ನಿಂತ. ಅವನ ಎತ್ತರ ಕಂಡು ಹಸಿರು ಟೋಪಿಯವನು ಹಿಂದೆ ಸರಿದು ಫೋನು ತೆಗೆದ. ದೊಡ್ಡಮ್ಮ ಕೂತಲ್ಲಿಂದಲೇ ಫೆಟುವಿನ ಪ್ಯಾಂಟು ಹಿಡಿದು ಎಳೆದಳು.

"ಬೇಡ ಮಗಾ. ಪೊಲೀಸರು ಬಂದ್ರೆ ಮೊದಲು ಹೊಡೆಯೋದು ನಿನಗೇ" ಅಂದಳು.

ಹಸಿರು ಟೋಪಿಯವನು ಬುಟ್ಟಿಯನ್ನು ಎರಡೂ ಕೈಯಲ್ಲಿ, ಮರ್ಯಾದೆಯಿಂದ ಎತ್ತಿಕೊಂಡ. ಫೆಟುವಿನ ಅಂಗಿಯ ಮಡಿಲಲ್ಲಿದ್ದದ್ದನ್ನೂ ಅದರ ಮೇಲೆ ಸುರಿಸಿಕೊಂಡ. ಬಕೆಟ್ಟಿನ ಸಾಲು ಅಲ್ಲಿಗೆ ಬಂದಿತ್ತು. ಕಪ್ಪು ಮಣ್ಣು ನಾವು ಅಗೆದ ಗುಳಿಗಳೊಳಗೂ ಬಿತ್ತು. ಅವನು ಗೆಡ್ಡೆಗಳನ್ನು ಎಲ್ಲರಿಗೂ ಹಂಚಿ ‘ಹಾಳಾಗೋದು ಬೇಡ, ಹೊಸ ಮಣ್ಣಲ್ಲೇ ವಾಪಸು ನೆಡೋಣ’ ಅಂದ. ಜನ ಸಂತೋಷದಿಂದ ಕೂತರು. ನಮ್ಮ ಊಟವನ್ನು ಹ್ಯಾಸ್ಕೆಲ್‌ನೊಳಗೆ ಒಂದೊಂದಾಗಿ ಹೂಳತೊಡಗಿದರು.

ನಾನು ದೊಡ್ಡಮ್ಮನನ್ನು ಎತ್ತಿ ನಿಲ್ಲಿಸಿದೆ. ಅವಳ ಮಂಡಿಯಿಂದ ರಕ್ತ ಬರುತ್ತಿತ್ತು. ಸ್ಟೂಲು ತಂದುಕೊಟ್ಟಿದ್ದ ಹುಡುಗಿ ಅಲ್ಲೇ ಕೂತಿದ್ದಳು. ಕೆನ್ನೆಗೆ ಮಣ್ಣು ಹತ್ತಿತ್ತು. ಒಂದು ಮರಿಗೆಡ್ಡೆಯನ್ನು ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದಳು.

"ಅಜ್ಜೀ, ಇದರಲ್ಲಿ ಯಾವ ಕಡೆ ಮೇಲೆ ಬರಬೇಕು?"

ದೊಡ್ಡಮ್ಮ ಅವಳನ್ನು ನೋಡಿದಳು. ಕೇಳಿದವರಿಗೆಲ್ಲ ಹೇಳಿಕೊಟ್ಟ ಹೆಂಗಸು ಅವಳು. ನನಗೂ ಅವಳೇ ಹೇಳಿಕೊಟ್ಟದ್ದು. ಈಗ ಸರಳು ಊರಿಕೊಂಡು ರಸ್ತೆಯ ಕಡೆ ತಿರುಗಿ ನಡೆದಳು.

ಹುಡುಗಿ ನನ್ನ ಕಡೆ ತಿರುಗಿದಳು. "ನಿಮಗೆ ಗೊತ್ತಾ?"

"ಗೊತ್ತು" ಅಂದೆ. "ನನ್ನನ್ನ ಯಾಕೆ ಕೇಳ್ತೀಯ? ಈ ಮಣ್ಣೊಳಗೆ ಮಲಗಿದ್ದಾನಲ್ಲ ಯಜಮಾನ. ಅವನ್ನ ಕೇಳು."